ಎರಡನೇ ಕಿಂಡಿ

ಅಂಬುಜಾಕ್ಷಮ್ಮನವರ ಮನೆಗೆ ಹೊಸ ಎಚ್‌ಡಿ ಟಿವಿ ಬಂತು. ಅದರ ಬೆನ್ನಲ್ಲಿ ಮೂರು ಕಿಂಡಿಗಳಿದ್ದವು. ಆಕೆ ಹಳೆಯ ಡಿವಿಡಿ ಪ್ಲೇಯರಿನ ವೈರನ್ನು ಎರಡನೆಯದಕ್ಕೆ ಸಿಕ್ಕಿಸಿ, ಮಗಳ ಸೀಮಂತದ ಡಿಸ್ಕ್ ಹಾಕಿದರು. ಹದಿನಾಲ್ಕು ವರ್ಷ ದುಡಿದು ದಣಿದಿದ್ದ ಪ್ಲೇಯರು ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿಕೊಂಡು ಆರತಿ ಹಾಡು ಶುರುಮಾಡಿತು.

"ಸಿಗ್ನಲ್ ಇಲ್ಲ," ಎಂದಿತು ಟಿವಿ.

ಪ್ಲೇಯರು ಮತ್ತೆ ಮೊದಲಿನಿಂದ ಹಾಡಿತು.

"ಸಿಗ್ನಲ್ ಇಲ್ಲ. ಒಂದೊಂದು ತಲೆಗೂದಲನ್ನೂ ಬಿಡಿಸಿ ತೋರಿಸುವವನು ನಾನು. ಯಾರಾದರೂ ಬಂದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವೇ?"

"ಏನಪ್ಪಾ ಇದು?" ಎಂದು ಪ್ಲೇಯರು ವೈರನ್ನು ಕೇಳಿತು.

"ಅಣ್ಣಾ, ಅವನು ಮೊದಲನೇ ಕಿಂಡಿಗೆ ಕಿವಿಗೊಟ್ಟು ಕೂತಿದ್ದಾನೆ. ನಾವು ನಿಂತಿರುವುದು ಎರಡನೆಯದರಲ್ಲಿ."

"ಹಾಗಂತ ಅವನಿಗೆ ಹೇಳಬಾರದೇ?"

"ಅದನ್ನು ಹೇಳುವುದೂ ಈ ಕಿಂಡಿಯಿಂದಲೇ ಅಲ್ಲವೇ ಅಣ್ಣಾ!"

ಪ್ಲೇಯರು ನಿಟ್ಟುಸಿರುಬಿಟ್ಟು ಮೂರನೇ ಸಲವೂ ಹಾಡಿತು.

"ಈ ಹಳೇದು ಕೆಟ್ಟುಹೋಗಿದೆ, ಇನ್ನು ಸಾಕು," ಎಂದರು ಅಂಬುಜಾಕ್ಷಮ್ಮ. ವೈರು ಕಿತ್ತು, ಬೀದಿಯಲ್ಲಿ ಕೂಗುತ್ತಿದ್ದ ಗುಜರಿಯವನ ಗಾಡಿಗೆ ಪ್ಲೇಯರನ್ನು ಹಾಕಿಬಂದರು. ಡಿಸ್ಕ್ ಅದರ ಹೊಟ್ಟೆಯಲ್ಲೇ ಇತ್ತು, ಆಕೆಗೆ ನೆನಪಾಗಲಿಲ್ಲ.

ಸುಸ್ತಾಗಿ ಸೋಫಾದ ಮೇಲೆ ಕುಸಿದಾಗ, ಅಲ್ಲಿ ಬಿದ್ದಿದ್ದ ರಿಮೋಟಿನ ಕಿಂಡಿ ಬದಲಿಸುವ ಗುಂಡಿ ಆಕೆಯ ಭಾರಕ್ಕೆ ಒತ್ತಿಕೊಂಡಿತು. ಟಿವಿ ಮೊಟ್ಟಮೊದಲ ಸಲ ಎರಡನೇ ಕಿಂಡಿಯತ್ತ ತಿರುಗಿ, ಬಹಳ ಹೊತ್ತು ಆಲಿಸಿತು.

"ಸಿಗ್ನಲ್ ಇಲ್ಲ," ಎಂದಿತು.

ಈಗ ಅದು ಹೇಳಿದ್ದು ನಿಜವಾಗಿತ್ತು.