ನೀರು ಬಂದನೋ, ಬಂದಳೋ

ನದಿಯ ದಡದ ಒಂದು ಆಶ್ರಮದಲ್ಲಿ ಗುರುಗಳೊಬ್ಬರಿದ್ದರು. ಅವರ ಶಿಷ್ಯ ವಿರೂಪಾಕ್ಷನಿಗೆ ಅಲ್ಲಿ ಒಂದೇ ಕೆಲಸ. ಹೊರನಾಡಿನಿಂದ ಬಂದವರಿಗೆ ಕನ್ನಡ ಕಲಿಸುವುದು.

ಕೆಲಸದಲ್ಲಿ ಅವನು ಗಟ್ಟಿಗ. ಆದರೆ ತಪ್ಪು ಕಿವಿಗೆ ಬಿದ್ದರೆ ಮೈಯೆಲ್ಲ ಉರಿ. ಯಾರ ಬಾಯಲ್ಲಿ ತಪ್ಪು ಬಂತೋ ಅವರು ಎದ್ದು ನಿಂತು ಸರಿಯಾದ ವಾಕ್ಯವನ್ನು ಹತ್ತು ಸಲ ಹೇಳಬೇಕು. ಕನ್ನಡ ಬಿಟ್ಟು ಬೇರೆ ಮಾತಿನಲ್ಲಿ ಕರೆದರಂತೂ, ಪಾಠದ ಹೊರಗೂ ಸರಿ, ಅವನು ತಿರುಗಿಯೂ ನೋಡುತ್ತಿರಲಿಲ್ಲ.

ಅಡುಗೆಮನೆಯ ಫೂಲವತಿಯ ಪಾಡು ಕೇಳಬೇಡಿ. ಹಿಂದಿಯ ನಾಡಿನವಳು. ಅವಳ ಮಾತಿನಲ್ಲಿ ಕಲ್ಲು ಗಂಡು, ರೊಟ್ಟಿ ಹೆಣ್ಣು. ಕನ್ನಡಕ್ಕೆ ಬಂದರೂ ಅವಳಿಗೆ ಅವು ಹಾಗೆಯೇ ಉಳಿದಿದ್ದವು.

"ರೊಟ್ಟಿ ಸೀದುಹೋದಳು," ಅಂದಳು ಒಂದು ದಿನ.

"ಓಹೋ, ರೊಟ್ಟಿ ನಿಮ್ಮ ತಂಗಿಯೋ?" ಅಂದ ವಿರೂಪಾಕ್ಷ.

ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಫೂಲವತಿ ಎದ್ದು ನಿಂತು "ರೊಟ್ಟಿ ಸೀದುಹೋಯಿತು" ಅಂತ ಹತ್ತು ಸಲ ಹೇಳಿದಳು.

ಆಮೇಲೆ ಅವಳ ತಪ್ಪುಗಳು ಕಡಿಮೆಯಾದವು. ಕಡಿಮೆಯಾದದ್ದು ಮಾತು ಅನ್ನುವುದು ಅವನ ತಲೆಗೆ ಹೊಳೆಯಲಿಲ್ಲ.

ಒಂದು ಬೆಳಗ್ಗೆ ವಿರೂಪಾಕ್ಷ ಸೊಂಟಮಟ್ಟದ ನೀರಿನಲ್ಲಿ ಮೂಡಲಿಗೆ ಮುಖ ಮಾಡಿ ನಿಂತು ಸೂರ್ಯನಿಗೆ ಅರ್ಘ್ಯ ಕೊಡುತ್ತಿದ್ದ. ಫೂಲವತಿ ಮೆಟ್ಟಿಲ ಮೇಲೆ ಪಾತ್ರೆ ಬೆಳಗುತ್ತಿದ್ದಳು. ಮೇಲಿನ ಸೀಮೆಯಲ್ಲಿ ಮಳೆಯಾಗಿತ್ತೇನೋ, ಅವನ ಬೆನ್ನ ಹಿಂದಿನಿಂದ ಕೆಂಪು ನೀರು ಒಮ್ಮೆಲೇ ನುಗ್ಗಿ ಬಂತು.

ಆಚೆ ದಡದಿಂದ ಕಂಡ ಹರಿಗೋಲಿನ ತಿಪ್ಪಣ್ಣ, ಕೊಚ್ಚಿಹೋಗುತ್ತಿದ್ದವನ ಬೆನ್ನುಹತ್ತಿ, ಅರ್ಧ ಹರದಾರಿ ಕೆಳಗೆ ಜುಟ್ಟು ಹಿಡಿದು ಎಳೆದುಹಾಕಿದ. ಹೊಟ್ಟೆ ಒತ್ತಿ ನೀರು ಕಕ್ಕಿಸಿದ.

"ಆ ಯಮ್ಮ ಮೆಟ್ಟಿಲ ಮ್ಯಾಲೆ ನಿಂತು ನೋಡ್ತಿದ್ಲಲ್ರೀ. ಒಂದು ಕೂಗು ಹಾಕಲಿಲ್ಲ," ಅಂದ ತಿಪ್ಪಣ್ಣ.

ವಿರೂಪಾಕ್ಷನಿಗೆ ನಂಬುವುದಕ್ಕೇ ಆಗಲಿಲ್ಲ. ಮನುಷ್ಯ ಮಾತ್ರದವರು ಹಾಗೆ ನಿಂತು ನೋಡುವುದುಂಟೇ? ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ. ಬೆಳಗಾಗುತ್ತಲೇ ಗುರುಗಳ ಮುಂದೆ ಹೋಗಿ ನಿಂತ.

"ಗುರುಗಳೇ, ಅವಳನ್ನು ಇವತ್ತೇ ಆಶ್ರಮದಿಂದ ಕಳಿಸಿಬಿಡಿ. ನಾನು ಸಾಯುವುದನ್ನು ನೋಡುತ್ತಾ ನಿಂತಿದ್ದಳು."

ಗುರುಗಳು ಫೂಲವತಿಯನ್ನು ಕರೆಸಿದರು. ಅವಳು ಗಂಟುಮೂಟೆ ಕಟ್ಟಿಕೊಂಡೇ ಬಂದಳು. ಹೋಗುವುದಕ್ಕೆ ಇನ್ನೊಂದು ಊರಿಲ್ಲ, ಆದರೂ ಕಟ್ಟಿಕೊಂಡು ಬಂದಿದ್ದಳು.

"ಯಾಕಮ್ಮಾ ಕೂಗಲಿಲ್ಲ?"

"ಕೂಗಿದೆ ಗುರುಜೀ. ಮಾಸ್ಟರ್‌ಜೀ, ಮಾಸ್ಟರ್‌ಜೀ ಅಂತ. ಎರಡು ಸಲ. ತಿರುಗಲಿಲ್ಲ."

ವಿರೂಪಾಕ್ಷನಿಗೆ ಆಗ ನೆನಪಾಯಿತು. ಆ ಕೂಗು ಅವನಿಗೆ ಕೇಳಿಸಿತ್ತು. ಕನ್ನಡದಲ್ಲಿ ಕರೆಯಲಿ, ಆಗ ನೋಡೋಣ ಅಂದುಕೊಂಡು ಅವನು ಇನ್ನೊಂದು ಬೊಗಸೆ ನೀರು ಎತ್ತಿದ್ದ.

"ಆಮೇಲೆ?" ಅಂದರು ಗುರುಗಳು.

"ಕನ್ನಡದಲ್ಲಿ ಹೇಳಬೇಕು ಅಂತ... ನೀರು ಬಂದ ಅನ್ನೋದಾ? ನೀರು ಬಂದಳು ಅನ್ನೋದಾ? ತಪ್ಪು ಹೇಳಿದರೆ ಹತ್ತು ಸಲ ಹೇಳಬೇಕು. ಎಲ್ಲರೂ ನಗ್ತಾರೆ. ಯೋಚನೆ ಮಾಡ್ತಾ ಇದ್ದೆ. ಅಷ್ಟರಲ್ಲಿ ಮಾಸ್ಟರ್‌ಜೀ ಹೋಗಿಬಿಟ್ಟ."

'ಹೋಗಿಬಿಟ್ಟರು' ಎಂದು ತಿದ್ದಲು ವಿರೂಪಾಕ್ಷನ ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು. ಅವನೇ ಗಾಬರಿಯಾಗಿ ಅದನ್ನು ಮುಚ್ಚಿದ.

ಆದರೂ ಸೋಲೊಪ್ಪಲು ಮನಸ್ಸು ಬರಲಿಲ್ಲ.

"ಪ್ರಾಣ ಹೋಗುವ ಹೊತ್ತಿನಲ್ಲಿ ವ್ಯಾಕರಣ ಯಾರಿಗೆ ಬೇಕು, ಗುರುಗಳೇ? ಬಂದನೋ ಬಂದಳೋ, ಏನೋ ಒಂದು ಅಂದಿದ್ದರೆ ಆಗುತ್ತಿತ್ತು. ನಾನಾಗಿದ್ದರೆ ಕೂಗಿಬಿಡುತ್ತಿದ್ದೆ."

"ಕೂಗುತ್ತಿದ್ದೆಯಾ?"

"ಖಂಡಿತ."

"ಅವಳ ಭಾಷೆ ನಿನಗೆ ಬರುತ್ತದಲ್ಲವೇ?"

"ವ್ಯಾಕರಣ ಪೂರ್ತಿ ಓದಿದ್ದೇನೆ."

ಗುರುಗಳು ಎದ್ದರು. ತರಗತಿಯವರನ್ನೆಲ್ಲ ಕರೆದುಕೊಂಡು ನದಿಗೆ ಹೊರಟರು. ನೀರು ಇಳಿದು ಮೊದಲಿನ ಹಾಗೆ ಹರಿಯುತ್ತಿತ್ತು. ಫೂಲವತಿಯನ್ನು ಪಾದ ಮುಳುಗುವಷ್ಟು ನೀರಿನಲ್ಲಿ, ದಡಕ್ಕೆ ಬೆನ್ನು ಮಾಡಿ ನಿಲ್ಲಿಸಿದರು. ವಿರೂಪಾಕ್ಷನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದರು. ಉಳಿದವರು ಸುತ್ತ ನೆರೆದರು.

"ನೀರು ಬರುತ್ತಿದೆ ಅಂದುಕೋ. ಅವಳ ಭಾಷೆಯಲ್ಲೇ ಕೂಗಿ ಎಚ್ಚರಿಸು. ಕನ್ನಡದಲ್ಲಿ ಕೂಗಿದರೆ ಅವಳು ತಿರುಗುವುದಿಲ್ಲ. ತಪ್ಪಿದರೆ ಇವರೆಲ್ಲರ ಮುಂದೆ ಹತ್ತು ಸಲ ಹೇಳಬೇಕು."

ಇಷ್ಟೇ ತಾನೇ ಅಂದುಕೊಂಡು ವಿರೂಪಾಕ್ಷ ಬಾಯಿ ತೆರೆದ.

"ಪಾನೀ..."

ಪಾನೀ ಆಯಾ? ಪಾನೀ ಆಯೀ? ಈಕಾರದಲ್ಲಿ ಮುಗಿಯುವ ಪದಗಳೆಲ್ಲ ಅವರಲ್ಲಿ ಹೆಣ್ಣು. ಹಾಗಾದರೆ ಆಯೀ. ಅಲ್ಲ, ಅದಕ್ಕೆ ಅಪವಾದಗಳ ಪಟ್ಟಿಯೊಂದಿತ್ತು. ತುಪ್ಪ, ಮುತ್ತು, ಮೊಸರು... ಅದರಲ್ಲಿ ನೀರೂ ಇತ್ತಲ್ಲವೇ? ಇತ್ತೋ, ಇಲ್ಲವೋ?

ಅವನು ಸುತ್ತ ನೋಡಿದ. ತಾನು ಎಬ್ಬಿಸಿ ನಿಲ್ಲಿಸಿದ್ದ ಮುಖಗಳೇ ಎಲ್ಲ. ಒಬ್ಬನ ತುಟಿಯಂಚಿನಲ್ಲಿ ಆಗಲೇ ನಗು ಇಣುಕುತ್ತಿತ್ತು. ವಿರೂಪಾಕ್ಷನ ಕಿವಿ ಬಿಸಿಯಾಯಿತು. ತನ್ನ ಗಂಟಲಿನಿಂದ ಸದ್ದೇ ಹೊರಡುತ್ತಿಲ್ಲ ಎಂದು ತಿಳಿದಾಗ ಅವನಿಗೆ ನಿನ್ನೆ ನೀರು ಬಡಿದಾಗಿನದಕ್ಕಿಂತ ಹೆಚ್ಚು ದಿಗಿಲಾಯಿತು.

ಫೂಲವತಿ ಬೆನ್ನು ತಿರುಗಿಸಿ ಕಾಯುತ್ತಲೇ ಇದ್ದಳು.

ಕೊನೆಗೆ ನೆನಪಾಯಿತು. ಪಟ್ಟಿಯಲ್ಲಿ ನೀರೂ ಇತ್ತು! ಗಂಡು. ಆಯಾ. ಅವನು ಎದೆ ತುಂಬ ಉಸಿರು ಎಳೆದುಕೊಂಡ.

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

"ಇನ್ನು ಕೂಗಬೇಡ, ಮಗು. ಅವಳು ಕೊಚ್ಚಿಹೋಗಿ ಬಹಳ ಹೊತ್ತಾಯಿತು."