ಶ್ರೀ ಬಾಯಾರಿದಪ್ಪನ ಕ್ಷೇತ್ರಮಹಿಮೆ

ಬಹುಪೂರ್ವಕಾಲದಲ್ಲಿ, ಊರಿಗೊಬ್ಬ ನಾಯಕನೂ ನಾಯಕನಿಗೊಂದು ಹಗೆಯೂ ಇದ್ದ ಯುಗದಲ್ಲಿ, ಅಂಬಳಿಗೆರೆ ಹಾಗೂ ಬೆಳುವಟ್ಟಿ ಗ್ರಾಮಗಳ ನಡುವಣ ಹಳ್ಳದ ದಡದಲ್ಲಿ ಕೇತೋಜನೆಂಬ ಶಿಲ್ಪಿಯು ವಾಸವಾಗಿದ್ದನು. ಹುಲ್ಲುಗಾವಲಿನ ಸಲುವಾಗಿ ಉಭಯ ಗ್ರಾಮಸ್ಥರು ಕಾದಾಡಿ ಮಡಿದಾಗಲೆಲ್ಲ ವೀರಗಲ್ಲು ಕೆತ್ತುವುದು ಅವನ ಕುಲವೃತ್ತಿ. ಕೆಳಗೆ ಕಾಳಗ, ನಡುವೆ ವೀರನನ್ನು ವಿಮಾನದಲ್ಲಿ ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ, ಇದೇ ಸಂಪ್ರದಾಯ. ಅಪ್ಸರೆಯರನ್ನು ಕೆತ್ತುವುದರಲ್ಲಂತೂ ಕೇತೋಜನದು ಎತ್ತಿದ ಕೈ. ಮದುವೆಯ ವಯಸ್ಸಿನ ತರುಣರು ಅವನ ಕಲ್ಲುಗಳ ಮುಂದೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೈಮುಗಿದು ನಿಲ್ಲುತ್ತಿದ್ದರು.

ಹೀಗಿರಲು ಒಂದು ಕಾಳಗದಲ್ಲಿ ಅಂಬಳಿಗೆರೆಯ ಪಕ್ಷದಲ್ಲಿ ಕಾದಿದ ಅವನ ಹಿರಿಯ ಮಗ ಮಾಚೋಜನೇ ಮಡಿದನು. ಕೇತೋಜನು ರಣಭೂಮಿಯಲ್ಲಿ ಮೂರು ದಿನ ಅರಸಿ, ಕೊನೆಗೆ ಉಡಿದಾರದ ಗಂಟಿನಿಂದ ಮಗನ ಗುರುತು ಹಿಡಿದನು. ಗಾಯಗೊಂಡವನು ನೀರಿಗಾಗಿ ಹಳ್ಳದತ್ತ ತೆವಳಿ, ಎರಡು ಮಾರು ಉಳಿದಿರುವಾಗಲೇ ಪ್ರಾಣ ಬಿಟ್ಟಿದ್ದನು. ತೆರೆದ ಬಾಯಲ್ಲಿ ಮಣ್ಣು ತುಂಬಿತ್ತು. ಆದರೂ ಸಂಪ್ರದಾಯ ಮೀರಲಾರದೆ, ಆ ಮಗನ ವೀರಗಲ್ಲಿನಲ್ಲೂ ನಗುಮುಖವನ್ನೂ ಅಪ್ಸರೆಯರನ್ನೂ ಕೆತ್ತಿ ಹಳ್ಳದ ದಡದಲ್ಲಿ ನಿಲ್ಲಿಸಿದನು.

ಆರು ವರ್ಷ ಕಳೆದು ಪುನಃ ಯುದ್ಧ ನಿಶ್ಚಯವಾಗಲು, ಆ ಕಲ್ಲಿಗೆ ನಿತ್ಯವೂ ದೀಪ ಹಚ್ಚುತ್ತ ಬೆಳೆದ ಕಿರಿಯ ಮಗ ಸಿಂಗೋಜನು ಖಡ್ಗ ಕಟ್ಟಿಕೊಂಡು, “ಅಪ್ಪಯ್ಯ, ಅಣ್ಣನ ಪಕ್ಕದಲ್ಲಿ ನನಗೂ ಒಂದಿಷ್ಟು ಜಾಗ ಬಿಟ್ಟಿರು” ಎಂದು ನಗುನಗುತ್ತ ಹೇಳಿದನು. ತನ್ನ ಉಳಿಯೇ ಉಳಿದೊಬ್ಬ ಮಗನನ್ನೂ ಸಾವಿಗೆ ಕರೆಯುತ್ತಿದೆಯೆಂದು ಅರಿತ ಕೇತೋಜನು ದಡದ ಜಲದುರ್ಗೆಯ ಪಾದಮೂಲದಲ್ಲಿ ಬಿದ್ದು ಮೊರೆಯಿಡಲು, ದೇವಿಯ ವಾಣಿಯು ಕೇಳಿಬಂತು: “ವತ್ಸ, ನೀನು ಕೇಳಿದ್ದನ್ನು ಕೆತ್ತಿದೆ, ಕಂಡದ್ದನ್ನು ಮುಚ್ಚಿಟ್ಟೆ. ಕಂಡದ್ದನ್ನು ಕೆತ್ತು.”

ಕೇತೋಜನು ತನ್ನ ಕೈಯಾರೆ ಮಾಚೋಜನ ಕಲ್ಲಿನ ಕೈಲಾಸವನ್ನೂ ಅಪ್ಸರೆಯರನ್ನೂ ಉಳಿಯಿಂದ ಕಡಿದು ತೆಗೆದು, ಕೆಳಗಿನ ಪಟ್ಟಿಕೆಯಲ್ಲಿ ಬಾಯಿ ತೆರೆದು, ನೀರಿನತ್ತ ಕೈಚಾಚಿ, ಹೊಟ್ಟೆಯ ಮೇಲೆ ತೆವಳುವ ಮಗನನ್ನು ಮೂಡಿಸಿದನು. ಯುದ್ಧದ ದಿನ ಪ್ರಾತಃಕಾಲ, ವೀರಗಲ್ಲಿಗೆ ನಮಿಸಿಯೇ ಹೊರಡಬೇಕೆಂಬ ರೂಢಿಯಂತೆ ಮೊದಲು ಬಂದ ಸಿಂಗೋಜನು ಅದನ್ನು ನೋಡಿ ನಿಂತಲ್ಲೇ ನಿಂತನು. ಅಣ್ಣ ಹೇಗೆ ಸತ್ತನೆಂದು ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಖಡ್ಗ ಬಿಚ್ಚಿಟ್ಟು, ಹಳ್ಳಕ್ಕಿಳಿದು, ಬೊಗಸೆ ನೀರು ತಂದು ಕಲ್ಲಿನ ಬಾಯಿಗೆ ಎರೆದನು. ಇದೇನೆಂದು ಆಚೆ ದಡದಿಂದ ದಾಟಿಬಂದ ಬೆಳುವಟ್ಟಿಯ ಯೋಧರೂ ನೋಡಿದರು. ಅವರಲ್ಲೊಬ್ಬ ವೃದ್ಧನು, ತನ್ನ ಮಗನೂ ಹೀಗೆಯೇ ಬಿದ್ದಿದ್ದನೆಂದು ಹೇಳಿ, ತಾನೂ ಬೊಗಸೆ ಒಡ್ಡಿದನು. ಆ ಎರಡನೆಯ ಬೊಗಸೆ ಕಲ್ಲಿಗೆ ಸೋಕಿದಾಕ್ಷಣ ಅದರ ಬುಡದಲ್ಲಿ ಚಿಲುಮೆ ಉಕ್ಕಿತು. ಅಂದು ಯುದ್ಧ ನಡೆಯಲಿಲ್ಲ. ಹುಲ್ಲುಗಾವಲು ಎರಡೂ ಊರಿನ ದನಗಳಿಗೆ ಮುಕ್ತವಾಯಿತು.

ಬೊಗಸೆತೀರ್ಥವೆಂಬ ಆ ಚಿಲುಮೆಯನ್ನೂ, ಬಾಯಾರಿದಪ್ಪನೆಂದು ಪೂಜೆಗೊಳ್ಳುವ, ಮೇಲ್ಭಾಗ ಬೋಳಾದ ಆ ಶಿಲೆಯನ್ನೂ ಭಕ್ತಾದಿಗಳು ಇಂದಿಗೂ ದರ್ಶಿಸಬಹುದು. ಚೈತ್ರ ಶುದ್ಧ ದಶಮಿಯಂದು ಉಭಯ ಗ್ರಾಮಗಳ ಪ್ರಾಯಕ್ಕೆ ಬಂದ ತರುಣರು ಮಾಚೋಜನ ಮರಣವೃತ್ತಾಂತವನ್ನು ಮಣ್ಣು ತುಂಬಿದ ಬಾಯಿಯವರೆಗೂ ಬಿಡದೆ ಕೇಳಿ, ತಲಾ ಒಂದು ಬೊಗಸೆ ನೀರೆರೆಯುತ್ತಾರೆ. ನೀರಿನಿಂದ ಕಲ್ಲಿನ ಮುಖ ಸವೆದು, ನೋಡಿದವರಿಗೆ ಅವನು ಯಾವ ಊರಿನವನೆಂಬುದೂ ಈಗ ತಿಳಿಯದು. ಬಾಯಿಯೂ ಸವೆದು ಮುಚ್ಚಿದಂತೆ ಕಾಣತೊಡಗಿದಾಗ, ಕೇತೋಜನ ವಂಶಸ್ಥರು ಉಳಿ ಹಿಡಿದು ಬಂದು, ಅದನ್ನು ಮತ್ತೆ ತೆರೆಯುತ್ತಾರೆ.