ಕೆಂಪು ಗೋಡೆಯ ಬಿಳಿ ಕೆರೆ

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ನಮ್ಮ ಮಠದ ಅಡುಗೆಯ ಪುಟ್ಟಬಸಯ್ಯನವರು. ಶಿವ ಅವರನ್ನು ಚೆನ್ನಾಗಿಟ್ಟಿರಲಿ.

ದೊಡ್ಡ ಸಾಹೇಬರು ಬರುತ್ತಾರೆಂದು ಗುಮಾಸ್ತನೊಬ್ಬ ಕಚೇರಿಯ ಗೋಡೆಯ ಮೇಲೆ ತಾಲ್ಲೂಕಿನ ಕೆರೆಗಳ ನಕ್ಷೆ ಬರೆದ. ಹಾಲಗೊಂಡಿ ಕೆರೆಯ ಏರಿ ಬಿರುಕು ಬಿಟ್ಟಿತ್ತು. ಮಳೆ ಹಿಡಿದರೆ ಕೆಳಗಿನ ಊರು ಉಳಿಯುವಂತಿರಲಿಲ್ಲ. ಸಾಹೇಬರ ಕಣ್ಣಿಗೆ ಬೀಳಲೆಂದು ಅದೊಂದಕ್ಕೇ ಕೆಂಪು ಬಳಿದ.

ಅಮಲ್ದಾರರು ಮೂಗು ಮುರಿದರು. "ನನ್ನ ತಾಲ್ಲೂಕಿನಲ್ಲಿ ಮುಖ್ಯವಲ್ಲದ್ದು ಯಾವುದಯ್ಯಾ? ಕೆರೆ, ಊರು, ನೆಲ, ನನ್ನ ಹೆಸರು, ಎಲ್ಲಕ್ಕೂ ಕೆಂಪು ಬಳಿ."

"ಆಗಲಿ ಬುದ್ಧಿ," ಎಂದ ಗುಮಾಸ್ತ. ಗೋಡೆಯೆಲ್ಲ ಮೆಣಸಿನಕಾಯಿ ಹರವಿದ ಕಣದಂತಾಯಿತು. ಹಾಲಗೊಂಡಿ ಕೆರೆಯ ಕೆಂಪನ್ನು ಮಾತ್ರ ಒರೆಸಿ, ಸುಣ್ಣ ಬಳಿದುಬಿಟ್ಟ.

ಸಾಹೇಬರು ಬಾಗಿಲಲ್ಲೇ ನಿಂತು ಕೇಳಿದರು, "ಆ ಬಿಳಿಯದು ಏನು?"

"ಹಾಲಗೊಂಡಿ ಕೆರೆ ಸ್ವಾಮಿ. ಏರಿ ಬಿರಿದಿದೆ," ಎಂದ ಗುಮಾಸ್ತ.

"ನಾಳೆಯೇ ಮಣ್ಣು ಹಾಕಿಸಿ," ಎಂದು ಅಪ್ಪಣೆ ಕೊಟ್ಟು ಹೋದರು.

ಅಮಲ್ದಾರರು ಹಲ್ಲು ಕಡಿದರು. "ಅದಕ್ಕಿದ್ದ ಕೆಂಪನ್ನು ಏಕೆ ಒರೆಸಿದೆ?"

"ತಮ್ಮ ಹೆಸರಿಗೆ ಎರಡು ಕೈ ಜಾಸ್ತಿ ಬಳಿದೆ, ಬಣ್ಣ ಸಾಲಲಿಲ್ಲ, ಅಲ್ಲಿಂದ ಒರೆಸಿಕೊಂಡೆ ಬುದ್ಧಿ."

ಅಮಲ್ದಾರರ ಸಿಟ್ಟು ಅರ್ಧ ಇಳಿಯಿತು. ಗೋಡೆಗೆ ಮೂಗು ತಾಗಿಸಿ ಕೇಳಿದರು, "ಹೌದೇನಯ್ಯಾ, ನನ್ನ ಹೆಸರು ಎಲ್ಲಿದೆ?"

ನಿಮ್ಮಲ್ಲೂ ಎಲ್ಲಕ್ಕೂ ಕೆಂಪು ಬಳಿಸುವವರು ಇದ್ದರೆ, ದಯಮಾಡಿ ಅವರ ಕಿವಿಗೂ ಇದನ್ನು ಮುಟ್ಟಿಸಿ.